ನಾಳೆ ಏನು ಅಂತ ಇವತ್ತೇ ಹೇಳುವ ಶಾಲೆ

"ಹುಡುಗ ಶಾಣ್ಯಾ ಇದ್ದಾನ್ರಿ, ಆದ್ರ ನಮ್ಮ ಸಾಲಿಗೆ ಹೊಂದಂಗಿಲ್ಲ." ಹುಬ್ಬಳ್ಳಿ-ಧಾರವಾಡದಲ್ಲಿ ಆಟಿಸಂ (ಮಿದುಳು ಬೆಳೆಯುವ ರೀತಿಯಲ್ಲೇ ಇರುವ ಒಂದು ವ್ಯತ್ಯಾಸ) ಇರುವ ಮಕ್ಕಳ ತಂದೆ-ತಾಯಿಯರ ಜೊತೆ ಕೂತು ಮಾತಾಡಿದರೆ ಈ ಮಾತು ಬಂದೇ ಬರುತ್ತದೆ. ಅಡ್ಮಿಷನ್ ಇಲ್ಲ ಅಂತ ಯಾರೂ ನೇರವಾಗಿ ಹೇಳುವುದಿಲ್ಲ. ಕೂರಿಸುತ್ತಾರೆ, ಚಹಾ ತರಿಸುತ್ತಾರೆ, ಮಗುವಿನ ತಲೆ ಸವರುತ್ತಾರೆ. ಆಮೇಲೆ "ಇಂಥಾ ಮಕ್ಕಳಿಗೆ ಬ್ಯಾರೆ ಸಾಲಿ ಅದಾವಲ್ರಿ, ಅಲ್ಲಿ ಹಾಕಿದ್ರ ಅವನಿಗೂ ಚಲೋ" ಅನ್ನುತ್ತಾರೆ. ನನ್ನ ಅಕ್ಕ ಈ ಮಾತು ಕೇಳಿಸಿಕೊಂಡು ಬಂದ ಶಾಲೆಗಳಲ್ಲಿ ಕನ್ನಡ ಮಾಧ್ಯಮದವೂ ಇದ್ದವು, ಇಂಗ್ಲಿಷ್ ಮಾಧ್ಯಮದವೂ ಇದ್ದವು. ಕೊನೆಗೆ ಅವಳ ಮಗನನ್ನು ಸೇರಿಸಿಕೊಂಡದ್ದು ಮನೆ ಹತ್ತಿರದ ಒಂದು ಸಣ್ಣ ಶಾಲೆ. ಅಲ್ಲಿನ ಹೆಡ್‌ಮಾಸ್ತರು ಕೇಳಿದ್ದು ಒಂದೇ ಪ್ರಶ್ನೆ: "ಅವಗ ಯಾವುದರಿಂದ ತ್ರಾಸ ಆಗ್ತದ ಹೇಳ್ರಿ ಅಕ್ಕಾರ, ಬರ್ಕೋತೀನಿ."

ಆ ಹುಡುಗ ಈಗ ಪಿಯು ಮುಗಿಸಿ ಡಿಗ್ರಿ ಓದುತ್ತಿದ್ದಾನೆ. ನಾನು ಧಾರವಾಡದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಹಾಗಾಗಿ ಈ ವಿಷಯವನ್ನು ಮನೆಯಲ್ಲಿ ಕೂತೂ ನೋಡಿದ್ದೇನೆ, ಸ್ಟಾಫ್ ರೂಮಿನಲ್ಲಿ ಕೂತೂ ನೋಡಿದ್ದೇನೆ. ನೋಡಿ ನೋಡಿ ನನಗೆ ಗಟ್ಟಿಯಾಗಿ ಅನಿಸಿರುವುದು ಇಷ್ಟು. ಆಟಿಸಂ ಇರುವ ವಿದ್ಯಾರ್ಥಿಗೆ ನಾವು ಮಾಡಿಕೊಡಬೇಕಾದದ್ದರಲ್ಲಿ ಬಹಳಷ್ಟಕ್ಕೆ ದುಡ್ಡೇ ಬೇಕಾಗಿಲ್ಲ. ಮುಂದೆ ಏನಾಗಲಿದೆ ಅಂತ ಮೊದಲೇ ಹೇಳಬೇಕು. ತಡೆಯಲಾಗದೆ ಹೋದಾಗ ಎದ್ದು ಹೊರಗೆ ಹೋಗಲು ಬಿಡಬೇಕು. ಈ ಎರಡನ್ನೂ ನಮ್ಮ ಹೆಚ್ಚಿನ ಶಾಲೆ-ಕಾಲೇಜುಗಳು ಮಾಡುತ್ತಿಲ್ಲ.

ಕಾನೂನಿನ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ, ಯಾಕಂದ್ರೆ ಅಡ್ಮಿಷನ್‌ಗೆ ಹೋಗುವಾಗ ಅದು ಗೊತ್ತಿರಬೇಕು. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲೇ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿತು, ಆಗ ಆಟಿಸಂ ಕೂಡ ಸೇರಿತು. ಅದರ 16ನೇ ಸೆಕ್ಷನ್ ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಎಲ್ಲ ಶಿಕ್ಷಣ ಸಂಸ್ಥೆಗಳ ಬಗ್ಗೆ ಮಾತಾಡುತ್ತದೆ. ತಾರತಮ್ಯ ಮಾಡದೆ ಸೇರಿಸಿಕೊಳ್ಳಬೇಕು, ಆ ಮಗುವಿಗೆ ಬೇಕಾದ ಅನುಕೂಲ ಮಾಡಿಕೊಡಬೇಕು ಅನ್ನುತ್ತದೆ. ಮಾನ್ಯತೆ ಅಂದರೆ ಖಾಸಗಿ ಶಾಲೆಯೂ ಬಂತು. 31ನೇ ಸೆಕ್ಷನ್ ಪ್ರಕಾರ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಮನೆ ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ ಅನ್ನುವ ಆಯ್ಕೆ ಮಗುವಿನದು. ಹೆಡ್‌ಮಾಸ್ತರದಲ್ಲ. ಆದರೆ 31ನೇ ಸೆಕ್ಷನ್ನಿನ ಈ ಹಕ್ಕಿಗೆ ಶೇ. 40 ಅಥವಾ ಅದಕ್ಕಿಂತ ಜಾಸ್ತಿ ವೈಕಲ್ಯದ ಸರ್ಟಿಫಿಕೇಟ್ ಬೇಕು. ಅದನ್ನು ಅಳೆಯಲು ನಮ್ಮ ದೇಶದಲ್ಲೇ ಮಾಡಿದ 40 ಅಂಶಗಳ ಒಂದು ಮಾಪನ ಇದೆ. ನಮ್ಮ ಭಾಗದವರು ಇದಕ್ಕೆಲ್ಲ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಇಲ್ಲವೇ ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿ-ಆರ್‌ಐ) ಆಸ್ಪತ್ರೆಗೆ ಓಡಾಡುತ್ತಾರೆ. 16ನೇ ಸೆಕ್ಷನ್ನಿನಲ್ಲಿ ಈ 40ರ ಗೆರೆ ಇಲ್ಲ. ಶೇ. 35 ಅಂತ ಬರೆದಿದ್ದರೂ ಆ ಮಗುವಿಗೆ ಬೇಕಾದ ಅನುಕೂಲ ಶಾಲೆ ಮಾಡಿಕೊಡಲೇಬೇಕು. ಈ ಒಂದು ಮಾತು ಗೊತ್ತಿಲ್ಲದೆ ಎಷ್ಟೋ ಜನ ಫೈಲು ಹಿಡಿದುಕೊಂಡು ಸುಮ್ನೆ ವಾಪಸ್ ಬರುತ್ತಾರೆ.

ಈಗ ಅಸಲು ವಿಷಯಕ್ಕೆ ಬರೋಣ.

1943ರಲ್ಲಿ ಅಮೆರಿಕದ ಲಿಯೋ ಕ್ಯಾನರ್ ಎಂಬ ಮಕ್ಕಳ ಮನೋವೈದ್ಯರು 11 ಮಕ್ಕಳನ್ನು ಕುರಿತು ಒಂದು ಲೇಖನ ಬರೆದರು. ಆಟಿಸಂ ಬಗ್ಗೆ ಯಾರು ಮಾತಾಡಿದರೂ ಆ ಲೇಖನದ ಹೆಸರು ಬರುತ್ತದೆ. ಆ ಮಕ್ಕಳಲ್ಲಿ ಅವರು ಮುಖ್ಯವಾಗಿ ಗಮನಿಸಿದ ಎರಡು ಸಂಗತಿಗಳಲ್ಲಿ ಒಂದು, ಎಲ್ಲವೂ ಮೊದಲಿದ್ದ ಹಾಗೇ ಇರಬೇಕು ಎಂಬ ಅವರ ಹಂಬಲ. ದಾರಿ ಅದೇ ಇರಬೇಕು, ಕ್ರಮ ಅದೇ ಇರಬೇಕು. ಬದಲಾದರೆ ಮಗು ಕಂಗಾಲಾಗುತ್ತದೆ. ಸದ್ದು, ಬೆಳಕು, ವಾಸನೆ, ಮುಟ್ಟುವಿಕೆ ಇವು ಆ ಮಕ್ಕಳಿಗೆ ನಮಗಿಂತ ಬೇರೆ ಥರ ತಾಗುತ್ತವೆ ಅನ್ನುವುದೂ ಆಗಲೇ ಕಂಡಿತ್ತು. ಆದರೆ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಅದು ಆಟಿಸಂನ ಲಕ್ಷಣ ಅಂತ ಸೇರಿದ್ದು 2013ರಲ್ಲಿ. ಈ ಎರಡನ್ನೂ ಜೊತೆಗಿಟ್ಟು ನೋಡಿದರೆ ಬಹಳ ವಿಷಯ ತಿಳಿಯುತ್ತದೆ. ಸುತ್ತಲಿನ ಸದ್ದೆಲ್ಲ ಒಟ್ಟಿಗೇ ಒಳಗೆ ನುಗ್ಗುತ್ತಿರುವವರಿಗೆ, ಮುಂದೆ ಏನು ಬರುತ್ತದೆ ಅಂತ ಗೊತ್ತಿದ್ದರೆ ಮಾತ್ರ ಉಸಿರಾಡಲು ಆಗುತ್ತದೆ. ಅದು ಹಟಮಾರಿತನ ಅಲ್ಲವೇ ಅಲ್ಲ.

ನಮ್ಮ ಶಾಲೆಯ ದಿನ ಹೇಗಿರುತ್ತದೆ? ಬೆಳಿಗ್ಗೆ ಪ್ರಾರ್ಥನೆ. ಮೈಕು ಕೀರಲುತ್ತದೆ, ಡ್ರಮ್ಮು ಬಾರಿಸುತ್ತಾರೆ, ಸಾಲಿನಲ್ಲಿ ಹಿಂದೆ ಮುಂದೆ ಇದ್ದವರು ಮೈಗೆ ತಾಗುತ್ತಾರೆ. ಕ್ಲಾಸಿಗೆ ಬಂದರೆ ಕಟಕಟ ಅನ್ನುವ ಫ್ಯಾನು, ಮಿಣುಕುವ ಟ್ಯೂಬ್‌ಲೈಟು, ಪಕ್ಕದ ಕ್ಲಾಸಿನ ಮಗ್ಗಿ. ನಾವು ಇದನ್ನೆಲ್ಲ ಗೊತ್ತಿಲ್ಲದ ಹಾಗೆ ಬದಿಗೆ ಸರಿಸಿ ಟೀಚರ್ ದನಿಯನ್ನು ಮಾತ್ರ ಕೇಳುತ್ತೇವೆ. ಆ ಮಗುವಿಗೆ ಫ್ಯಾನೂ ಟೀಚರೂ ಒಂದೇ ಜೋರಿನಲ್ಲಿ ಕೇಳುತ್ತವೆ. ಮಧ್ಯಾಹ್ನ ಬಿಸಿಯೂಟ. ಅನ್ನದ ಮೇಲೆ ಸಾಂಬಾರು ಸುರಿದರೆ ಕೆಲವು ಮಕ್ಕಳಿಗೆ ಅವತ್ತಿನ ಊಟ ಅಲ್ಲಿಗೇ ಮುಗಿಯಿತು. ಮೆತ್ತಗಿನದು, ಗಟ್ಟಿಯದು, ನೀರಾದದ್ದು ಒಟ್ಟಿಗೆ ಬಾಯಿಗೆ ಬಂದರೆ ಅವರಿಗೆ ವಾಕರಿಕೆ ಬರುತ್ತದೆ. "ಮನಿಯಾಗ ಮುದ್ದು ಮಾಡಿ ಕೆಡಸ್ಯಾರ" ಅಂತ ಹೇಳಿಬಿಡುವುದು ಸುಲಭ. ಅಕ್ಕನ ಮಗನ ಶಾಲೆಯಲ್ಲಿ ಹೆಡ್‌ಮಾಸ್ತರು ಅಡುಗೆಯವರಿಗೆ ಒಂದೇ ಮಾತು ಹೇಳಿದರು: "ಇವಗ ಅನ್ನ ಬ್ಯಾರೆ ಹಾಕ್ರಿ, ಸಾರು ವಾಟಗದಾಗ ಕೊಡ್ರಿ." ಮರುದಿನದಿಂದ ಅವನು ಹೊಟ್ಟೆ ತುಂಬ ಉಂಡು ಮನೆಗೆ ಬಂದ. ಹಸಿದ ಮಗು ಮಧ್ಯಾಹ್ನದ ಮೇಲೆ ಕೂಗಾಡುತ್ತಿದ್ದದ್ದೂ ಕಡಿಮೆಯಾಯಿತು.

ಆದರೆ ಸದ್ದಿಗಿಂತ, ಊಟಕ್ಕಿಂತ ಅವನನ್ನು ಜಾಸ್ತಿ ಕಂಗೆಡಿಸುತ್ತಿದ್ದದ್ದು ದಿಢೀರ್ ಬದಲಾವಣೆ. ಮೂರನೇ ಪೀರಿಯಡ್ ಗಣಿತ ಅಂತ ಕೂತಿರುತ್ತಾನೆ. ಗಣಿತದ ಅಕ್ಕೋರು ಟ್ರೇನಿಂಗ್‌ಗೆ ಹೋಗಿರುತ್ತಾರೆ, ಬೇರೆ ಯಾರೋ ಬಂದು ಹಾಡು ಹೇಳಿಸುತ್ತಾರೆ. ಗ್ಯಾದರಿಂಗ್ ಹತ್ತಿರ ಬಂದರಂತೂ ಟೈಮ್‌ಟೇಬಲ್ಲೇ ಇಲ್ಲ, ಬೆಳಗಿನಿಂದ ಸಂಜೆಯವರೆಗೆ ಡಾನ್ಸ್ ಪ್ರಾಕ್ಟೀಸು. ಜುಲೈ ತಿಂಗಳಲ್ಲಿ ಮಳೆ ಹಿಡಿದರೆ ಜಿಲ್ಲಾಧಿಕಾರಿ ರಜೆ ಘೋಷಿಸುತ್ತಾರೆ. ಬೇರೆ ಮಕ್ಕಳಿಗೆ ಅದು ಹಬ್ಬ. ಇವನು ಬ್ಯಾಗು ಹಾಕಿಕೊಂಡು ಬಾಗಿಲಲ್ಲಿ ನಿಂತು "ಇವತ್ತ ಮಂಗಳವಾರ, ಮಂಗಳವಾರ ವಿಜ್ಞಾನ" ಅಂತ ಹೇಳುತ್ತಲೇ ಇರುತ್ತಿದ್ದ. ಅಕ್ಕ ಎಷ್ಟು ಸಮಾಧಾನ ಮಾಡಿದರೂ ಆಗುತ್ತಿರಲಿಲ್ಲ.

ಅವನ ಒಂದನೇ ಕ್ಲಾಸಿನ ಟೀಚರ್ ಮಾಡಿದ ಕೆಲಸವನ್ನು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಅವರು ಹಳೆಯ ಲಗ್ನಪತ್ರಿಕೆಗಳ ಹಿಂಬದಿಯ ಮೇಲೆ ಚಿತ್ರ ಬರೆದರು. ಗಣಿತಕ್ಕೆ ಒಂದು, ಕನ್ನಡಕ್ಕೆ ಒಂದು, ಆಟಕ್ಕೆ, ಊಟಕ್ಕೆ, ಮನೆಗೆ ಹೋಗುವುದಕ್ಕೆ ಒಂದೊಂದು. ಬೆಳಿಗ್ಗೆ ಬಂದ ಕೂಡಲೇ ಅವನ್ನು ಗೋಡೆಗೆ ಸಾಲಾಗಿ ಸಿಕ್ಕಿಸುವುದು, ಮುಗಿದದ್ದನ್ನು ತೆಗೆದು ಡಬ್ಬಿಗೆ ಹಾಕುವುದು. ಕೆಂಪು ಅಂಚಿನ ಇನ್ನೊಂದು ಕಾರ್ಡು ಇತ್ತು, ಅದರ ಮೇಲೆ "ಬದಲಾವಣೆ" ಅಂತ ಬರೆದಿತ್ತು. ಆ ಟೀಚರ್ ಜಾಣತನ ನೋಡಿ. ಆ ಕಾರ್ಡನ್ನು ಮೊದಮೊದಲು ಖುಷಿಯ ವಿಷಯಕ್ಕೇ ಬಳಸಿದರು. ಇವತ್ತು ಬರವಣಿಗೆ ಬದಲು ಮೈದಾನ, ಇವತ್ತು ಕೊನೆಯ ಪೀರಿಯಡ್ ಬದಲು ಕಥೆ. ಬದಲಾವಣೆ ಅಂದರೆ ಕೆಟ್ಟದ್ದು ಅಂತ ಅವನ ತಲೆಯಲ್ಲಿ ಕೂರುವ ಮೊದಲೇ ಅದನ್ನು ಬಿಡಿಸಿದರು. ಅಕ್ಕ ಮನೆಯಲ್ಲೂ ಒಂದು ಜೊತೆ ಕಾರ್ಡು ಮಾಡಿಟ್ಟುಕೊಂಡಳು. ಸಂಜೆ ಮಳೆ ಜೋರಾದರೆ ಛತ್ರಿಯ ಕಾರ್ಡು, ಶಾಲೆಯ ಕಾರ್ಡು ಎರಡನ್ನೂ ಪಕ್ಕಪಕ್ಕ ಇಡುತ್ತಿದ್ದಳು. "ನಾಳೆ ಇದರಾಗ ಒಂದು ಆಗ್ತದ. ಯಾವುದು ಅಂತ ಮುಂಜಾನೆ ಏಳಕ್ಕ ಗೊತ್ತಾಗ್ತದ." ಗೊತ್ತಿಲ್ಲದಿರುವುದಕ್ಕೂ ಒಂದು ಸಮಯ ಹಾಕಿಕೊಟ್ಟರೆ ಅವನು ನಿದ್ದೆ ಮಾಡುತ್ತಿದ್ದ. ಕ್ಲಾಸಿನ ಉಳಿದ ಮಕ್ಕಳೂ ಆ ಗೋಡೆ ನೋಡಿಯೇ ದಿನ ಶುರು ಮಾಡತೊಡಗಿದರಂತೆ. ಆರು ವರ್ಷದ ಯಾವ ಮಗುವಿಗೆ ಮುಂದೇನು ಅಂತ ತಿಳಿಯುವ ಆಸೆ ಇರುವುದಿಲ್ಲ, ಅಲ್ವಾ?

ಇನ್ನೊಂದು, ಹೊರಗೆ ಹೋಗುವ ಚೀಟಿ. ಬೆಂಚಿನ ಮೇಲೆ ಒಂದು ಹಸಿರು ಚೀಟಿ ಇರುತ್ತದೆ. ತಲೆ ತುಂಬಿ ಬಂದಾಗ ಅದನ್ನು ಎತ್ತಿ ಟೀಚರ್ ಮೇಜಿನ ಮೇಲೆ ಇಟ್ಟು, ಯಾರನ್ನೂ ಕೇಳದೆ, ಹೊರಗಿನ ಕಟ್ಟೆಗೆ ಹೋಗಿ ಕೂರಬಹುದು. ಕೇಳಿಯೇ ಹೋಗಬೇಕು ಅಂದರೆ ಆಗದ ಮಾತು, ಯಾಕಂದ್ರೆ ಆ ಹೊತ್ತಿಗೆ ಅವನಿಗೆ ಮಾತೇ ಬರುವುದಿಲ್ಲ. ಈ ಸಲಹೆ ಕೊಟ್ಟಾಗಲೆಲ್ಲ ಶಿಕ್ಷಕರು ಹೇಳುವ ಮಾತು, "ಒಬ್ಬಗ ಬಿಟ್ಟರ ಎಲ್ಲಾರೂ ಎದ್ದು ಹೋಗ್ತಾರ್ರಿ." ಹಾಗೆ ಆಗುವುದಿಲ್ಲ. ಎರಡು ದಿನ ಎಲ್ಲರಿಗೂ ಕುತೂಹಲ ಇರುತ್ತದೆ, ಆಮೇಲೆ ಮಕ್ಕಳು ಅದನ್ನು ಅವನ ಕನ್ನಡಕ ಇದ್ದ ಹಾಗೆ ನೋಡುತ್ತಾರೆ.

ಹಠಕ್ಕೂ ಇದಕ್ಕೂ ಇರುವ ಫರಕು ತಿಳಿಯದೆ ಶಾಲೆಯಲ್ಲಿ ಎಷ್ಟು ಏಟು ಬಿದ್ದಿವೆಯೋ. ಹಠ ಮಾಡುವ ಮಗುವಿಗೆ ಏನೋ ಬೇಕಾಗಿರುತ್ತದೆ. ಕೊಟ್ಟರೆ ನಿಲ್ಲುತ್ತದೆ. ಯಾರೂ ನೋಡುತ್ತಿಲ್ಲ ಅಂದರೂ ನಿಲ್ಲುತ್ತದೆ. ಆಟಿಸಂ ಇರುವ ಮಗು ತಡೆಯಲಾಗದೆ ಕಿರುಚುವಾಗ ಅದಕ್ಕೆ ಬೇಕಾದದ್ದು ಏನೂ ಇರುವುದಿಲ್ಲ, ಸಾಕಾಗಿರುತ್ತದೆ ಅಷ್ಟೆ. ಆಗ ಬೈದರೆ, ಕೈ ಹಿಡಿದು ಎಳೆದರೆ, ಸುತ್ತ ನಾಲ್ಕು ಜನ ನಿಂತರೆ ಇನ್ನೂ ಜೋರಾಗುತ್ತದೆ. ಹಾಗೆಯೇ ಕೈ ಬಡಿಯುವುದು, ಕೂತಲ್ಲೇ ತೂಗುವುದು, ಕೇಳಿದ ಮಾತನ್ನೇ ಮತ್ತೆ ಮತ್ತೆ ಹೇಳುವುದು. ಇದೆಲ್ಲ ಆ ಮಗು ತನ್ನನ್ನು ತಾನು ಹದಕ್ಕೆ ತಂದುಕೊಳ್ಳುವ ದಾರಿ. ಯಾರಿಗೂ ನೋವು ಮಾಡದಿದ್ದರೆ ಅದನ್ನು ನಿಲ್ಲಿಸುವ ಅಗತ್ಯವೇ ಇಲ್ಲ. "ಕಣ್ಣಾಗ ಕಣ್ಣಿಟ್ಟು ನೋಡಿ ಮಾತಾಡು" ಅನ್ನುವುದಂತೂ ನಮ್ಮಲ್ಲಿ ಮರ್ಯಾದೆಯ ಪಾಠ. ಅಕ್ಕನ ಮಗ ನನ್ನ ಮುಖ ನೋಡುತ್ತಿದ್ದರೆ ನನ್ನ ಮಾತು ಅವನಿಗೆ ಕೇಳುತ್ತಿಲ್ಲ ಅಂತ ಅರ್ಥ. ಕಿಟಕಿ ಕಡೆ ನೋಡುತ್ತಿದ್ದರೆ ಪ್ರತಿ ಮಾತೂ ಕೇಳುತ್ತಿದೆ. 2012ರಲ್ಲಿ ಡೇಮಿಯನ್ ಮಿಲ್ಟನ್ ಎಂಬ ಸಂಶೋಧಕರು, ಸ್ವತಃ ಆಟಿಸಂ ಇರುವವರು, ಒಂದು ಮುಖ್ಯವಾದ ಮಾತು ಬರೆದರು. ಅರ್ಥವಾಗದಿರುವುದು ಎರಡೂ ಕಡೆಯದು ಅಂತ. ಅವರಿಗೆ ನಾವು ಅರ್ಥವಾಗದಿರುವಷ್ಟೇ ನಮಗೆ ಅವರು ಅರ್ಥವಾಗುವುದಿಲ್ಲ. ಆದರೆ ಕಲಿಯುವ ಕೆಲಸವನ್ನೆಲ್ಲ ನಾವು ಅವರ ಮೇಲೆಯೇ ಹಾಕಿದ್ದೇವೆ.

ತಾಯಂದಿರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಕಳೆದ ಶತಮಾನದ ನಡುವಿನಲ್ಲಿ, ತಾಯಿ ಪ್ರೀತಿ ತೋರಿಸದ್ದರಿಂದ ಮಗುವಿಗೆ ಆಟಿಸಂ ಬರುತ್ತದೆ ಅಂತ ಅಮೆರಿಕದ ದೊಡ್ಡ ದೊಡ್ಡ ವಿದ್ವಾಂಸರೇ ಹೇಳುತ್ತಿದ್ದರು. ಅದು ಸುಳ್ಳು ಅಂತ ತೀರ್ಮಾನವಾಗಿ ಎಷ್ಟೋ ಕಾಲವಾಯಿತು. ಇಲ್ಲಿ ಈಗ ಅದೇ ಮಾತು "ಮೊಬೈಲ್ ಕೊಟ್ಟು ಕೆಡಸೀರಿ" ಅಂತ ವೇಷ ಬದಲಿಸಿ ಬಂದಿದೆ. ಆಟಿಸಂ ಮಿದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ಅದರಲ್ಲಿ ಅನುವಂಶಿಕ ಕಾರಣಗಳ ಪಾಲು ದೊಡ್ಡದು. ಪೇರೆಂಟ್ಸ್ ಮೀಟಿಂಗ್‌ನಲ್ಲಿ ಎಲ್ಲರ ಮುಂದೆ ತಾಯಿಯನ್ನು ನಿಲ್ಲಿಸಿ ಈ ಮಾತು ಹೇಳುವ ಶಾಲೆಗಳಿವೆ. ದಯವಿಟ್ಟು ನಿಲ್ಲಿಸಿ.

ನಮ್ಮ ನೆಲದಲ್ಲಿ ಇದಕ್ಕೆ ಮಾದರಿ ಇಲ್ಲ ಅಂತ ಯಾರಾದರೂ ಅಂದರೆ ನಾನು ಗದುಗಿನ ಕಡೆ ಕೈ ತೋರಿಸುತ್ತೇನೆ. ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಅವರ ನಂತರ ಅದನ್ನು 2010ರವರೆಗೆ ನಡೆಸಿದ ಪುಟ್ಟರಾಜ ಗವಾಯಿಗಳಿಗೂ ಕಾಣುತ್ತಿರಲಿಲ್ಲ. ಇಬ್ಬರೂ ಹಾನಗಲ್ಲ ತಾಲ್ಲೂಕಿನವರು. ಊರಲ್ಲಿ ಯಾರಿಗೂ ಬೇಡವಾದ ಅಂಧ ಮಕ್ಕಳನ್ನು ಕರೆತಂದು ಸಂಗೀತ ಕಲಿಸಿದರು. ಅಲ್ಲಿ ಯಾರೂ ಮಗುವಿಗೆ "ಮೊದಲು ನೋಡೂದು ಕಲಿ, ಆಮೇಲೆ ಪಾಠ" ಅನ್ನಲಿಲ್ಲ. ಪಾಠ ಕಿವಿಯಿಂದ ನಡೆಯಿತು, ಬೆರಳಿನಿಂದ ನಡೆಯಿತು. ಮಗುವಿನಲ್ಲಿ ಏನಿದೆಯೋ ಅದರ ಮೇಲೆ ಪಾಠವನ್ನು ಕಟ್ಟಿದರು. ಅಂಧ ಹುಡುಗ ಅಂತ ರಾಗವನ್ನು ಅರ್ಧಕ್ಕೆ ಇಳಿಸಲಿಲ್ಲ. ಪೂರ್ತಿ ವಿದ್ಯೆ ಕೊಟ್ಟರು, ಪೂರ್ತಿ ರಿಯಾಜು ಮಾಡಿಸಿದರು. ಅದು ಪ್ರತ್ಯೇಕ ಸಂಸ್ಥೆ ಅನ್ನುವುದು ನಿಜ. ನಾನು ಕೇಳುತ್ತಿರುವುದು ಎಲ್ಲರ ಜೊತೆ ಒಂದೇ ಕ್ಲಾಸಿನಲ್ಲಿ ಕೂರುವ ಹಕ್ಕನ್ನು. ಆದರೂ ಕಲಿಸುವ ಕ್ರಮ ಯಾರಿಗೆ ಬಗ್ಗಬೇಕು ಅನ್ನುವ ಪ್ರಶ್ನೆಗೆ ಗದುಗಿನವರು ಯಾವತ್ತೋ ಉತ್ತರ ಕೊಟ್ಟಿದ್ದಾರೆ.

ಅದೇ ಬಗೆಯ ಕೆಲಸ ಮಾಡಿದ ಒಬ್ಬ ಮಾಸ್ತರು ನನಗೆ ಗೊತ್ತು. ಹಾವೇರಿ ಜಿಲ್ಲೆಯವರು, ಬ್ಯಾಡಗಿ ಸೀಮೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದರು. ಅವರ ಕ್ಲಾಸಿನ ಒಬ್ಬ ಹುಡುಗ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಮಾತಾಡಿದರೆ ಮೆಣಸಿನಕಾಯಿ ರೇಟು ಮಾತ್ರ. ಬ್ಯಾಡಗಿ ಮಾರುಕಟ್ಟೆಯಲ್ಲಿ ಡಬ್ಬಿ ತಳಿ ಎಷ್ಟಕ್ಕೆ ಹೋಯಿತು, ಕಡ್ಡಿ ತಳಿ ಎಷ್ಟಕ್ಕೆ, ಗುಂಟೂರು ತಳಿ ಎಷ್ಟಕ್ಕೆ, ಹೋದ ವರ್ಷ ಇದೇ ವಾರ ಎಷ್ಟಿತ್ತು, ಎಲ್ಲ ಬಾಯಲ್ಲೇ. ಬೇರೆ ಶಿಕ್ಷಕರು ಅವನ ಬಾಯಿ ಮುಚ್ಚಿಸುತ್ತಿದ್ದರು. ಈ ಮಾಸ್ತರು ಶೇಕಡಾ ಲೆಕ್ಕವನ್ನು ಮೆಣಸಿನಕಾಯಿಯ ಮೇಲೆ ಹಾಕಿದರು. ಸರಾಸರಿಯನ್ನೂ ಅದರ ಮೇಲೆಯೇ. ಗ್ರಾಫ್ ಹಾಳೆಯ ಮೇಲೆ ಒಂದು ಹಂಗಾಮಿನ ಕ್ವಿಂಟಲ್ ದರ ಬರೆಸಿದರು. ಆ ಹುಡುಗ ಬೋರ್ಡಿನ ಮುಂದೆ ನಿಂತು ರೇಟು ಯಾಕೆ ಬಿತ್ತು ಅಂತ ಕ್ಲಾಸಿಗೆ ವಿವರಿಸಿದನಂತೆ. ಆವಕ ಜಾಸ್ತಿಯಾಯಿತು, ಮಳೆಗೆ ಸಿಕ್ಕ ಕಾಯಿಯ ಬಣ್ಣ ಹೋಯಿತು ಅಂತೆಲ್ಲ. ಕೇಳುತ್ತಿದ್ದವರಲ್ಲಿ ಅರ್ಧ ಜನ ಮೆಣಸಿನಕಾಯಿ ಬೆಳೆಯುವವರ ಮಕ್ಕಳು. ಮರುದಿನದಿಂದ ಅವನ ಹತ್ತಿರ ಬಂದು ರೇಟು ಕೇಳುವವರು ಹುಟ್ಟಿಕೊಂಡರು. ಗೆಳೆತನಕ್ಕೆ ಅಷ್ಟು ಸಾಕಾಯಿತು. ಇಂಥ ಒಂದೇ ವಿಷಯದ ಹುಚ್ಚನ್ನು ಬಿಡಿಸಲು ಹೋಗುವವರಿಗೆ ನಾನು ಈ ಹುಡುಗನ ಕತೆ ಹೇಳುತ್ತೇನೆ. ಜಗತ್ತಿಗೆ ಬರಲು ಅವನಿಗೆ ಇದ್ದದ್ದೇ ಆ ಬಾಗಿಲು.

ಆದರೆ ಇಂಥ ಮಾಸ್ತರು ಸಿಕ್ಕರೆ ಪುಣ್ಯ ಅಂತ ಕೂರುವುದು ಸರಿಯಲ್ಲ. 50 ಮಕ್ಕಳ ಕ್ಲಾಸು, ಮೇಲೆ ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆ ಕೆಲಸ. ಇದರ ನಡುವೆ ಒಬ್ಬ ಶಿಕ್ಷಕರು ಎಷ್ಟು ಮಾಡಿಯಾರು? ನಮ್ಮ ರಾಜ್ಯದಲ್ಲಿ ಸಮಗ್ರ ಶಿಕ್ಷಣ ಯೋಜನೆಯ ಅಡಿ ಬ್ಲಾಕ್ ಮಟ್ಟದಲ್ಲಿ ಬಿಐಇಆರ್‌ಟಿ ಅನ್ನುವ ಸಂಪನ್ಮೂಲ ಶಿಕ್ಷಕರಿದ್ದಾರೆ. ಎಲ್ಲ ಬಗೆಯ ವೈಕಲ್ಯ ಇರುವ ಮಕ್ಕಳನ್ನೂ ಅವರೇ ನೋಡಬೇಕು, ಬ್ಲಾಕಿನ ಎಲ್ಲ ಶಾಲೆಗೂ ಅವರೇ ಓಡಾಡಬೇಕು. ಬಿಇಓ ಆಫೀಸಿನಲ್ಲಿ ಅವರ ಹೆಸರು ಕೇಳಿ ಪಡೆಯಿರಿ, ನಿಮ್ಮ ಮಗುವಿನ ಶಾಲೆಗೆ ಬರುವಂತೆ ಬರೆದುಕೊಡಿ. ಬರೆದುಕೊಟ್ಟರೆ ದಾಖಲೆ ಉಳಿಯುತ್ತದೆ. 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಲೆಕ್ಕದಂತೆ ವಿಶೇಷ ಅಗತ್ಯ ಇರುವ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೊಬ್ಬರು, ಮೇಲಿನ ತರಗತಿಗಳಲ್ಲಿ 15 ಮಕ್ಕಳಿಗೊಬ್ಬರು ವಿಶೇಷ ಶಿಕ್ಷಕರು ಇರಬೇಕು. 2025ರ ಮಾರ್ಚ್‌ನಲ್ಲಿ ಅದೇ ಕೋರ್ಟು ಹುದ್ದೆಗಳನ್ನು ಗುರುತಿಸಿ ತುಂಬಿ ಅಂತ ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ಖಾಸಗಿ ಶಾಲೆಗಳು ಇದಕ್ಕೆ ಸುಲಭದ ದಾರಿ ಕಂಡುಕೊಂಡಿವೆ. "ಶ್ಯಾಡೋ ಟೀಚರ್ ನೀವೇ ಕರ್ಕೊಂಡು ಬರ್ರಿ, ಪಗಾರ ನೀವೇ ಕೊಡ್ರಿ" ಅನ್ನುತ್ತವೆ. ಶ್ಯಾಡೋ ಟೀಚರ್ ಅಂದರೆ ಕ್ಲಾಸಿನಲ್ಲಿ ಮಗುವಿನ ಪಕ್ಕದಲ್ಲೇ ಕೂತು ನೆರವಾಗುವವರು. ಕೆಲವು ಮಕ್ಕಳಿಗೆ ಹಾಗೆ ಒಬ್ಬರು ಬೇಕೇ ಬೇಕು, ಒಪ್ಪುತ್ತೇನೆ. ಆದರೆ ಅದರ ಖರ್ಚನ್ನು ಮನೆಯವರ ಮೇಲೆ ಹಾಕಿ, ಕ್ಲಾಸಿನಲ್ಲಿ ಏನೂ ಬದಲಿಸದೆ ಕೂರುವುದನ್ನು ಒಪ್ಪುವುದಿಲ್ಲ. ಸಂಬಳಕ್ಕೆ ಬಂದ ಒಬ್ಬ ದೊಡ್ಡವರು ಸದಾ ಪಕ್ಕದಲ್ಲಿದ್ದರೆ ಉಳಿದ ಮಕ್ಕಳು ಹತ್ತಿರ ಬರುವುದೂ ಕಡಿಮೆ.

ಪರೀಕ್ಷೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿನ ಸಮಯ, ಬೇಕಿದ್ದರೆ ಬರೆದುಕೊಡುವ ಸಹಾಯಕರು ಇದೆಲ್ಲ ಇದೆ. 2021ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, ಶೇ. 40 ಇಲ್ಲದಿದ್ದರೂ ಬರೆಯಲು ತೊಂದರೆ ಇರುವವರಿಗೆ ಸಹಾಯಕರು ಸಿಗಬಹುದು. ಆದರೆ ಅಕ್ಕನ ಮಗನಿಗೆ ಎಸ್ಸೆಸ್ಸೆಲ್ಸಿಯಲ್ಲಿ ಬರೆಯುವವರು ಬೇಕಿರಲಿಲ್ಲ, ಅವನ ಅಕ್ಷರ ದುಂಡಗಿವೆ. ಬೇಕಿದ್ದದ್ದು ಗದ್ದಲ ಇಲ್ಲದ ಕೋಣೆ. ಪರೀಕ್ಷೆ ಶುರುವಾಗುವ ಮೊದಲು ಸೆಂಟರಿಗೆ ಹೋಗಿ ಗೇಟು, ಮೆಟ್ಟಿಲು, ಬೆಂಚು, ಬಚ್ಚಲು ಎಲ್ಲಿವೆ ಅಂತ ನೋಡಿ ಬರುವ ಅವಕಾಶ. ಆ ಸೆಂಟರಿನವರು ಒಂದು ಮಧ್ಯಾಹ್ನ ಬಾಗಿಲು ತೆಗೆದು ತೋರಿಸಿದರು. ಅಷ್ಟರಿಂದ ಅವನು ಪರೀಕ್ಷೆ ಬರೆದ. ಇಂಥದ್ದು ಯಾವ ಫಾರ್ಮಿನಲ್ಲೂ ಇಲ್ಲ. ಕೇಳಿದರೆ ಮಾತ್ರ ಸಿಗುತ್ತದೆ, ಅದೂ ಒಳ್ಳೆಯ ಮನಸ್ಸಿನವರು ಇದ್ದರೆ.

ಇಷ್ಟೆಲ್ಲ ಆಗಿ ಮಗು ಕಾಲೇಜಿಗೆ ಬಂದಿತು ಅಂದುಕೊಳ್ಳಿ. ಅಲ್ಲಿ ಕೈ ಬಿಟ್ಟುಬಿಡುತ್ತೇವೆ.

ಧಾರವಾಡ ವಿದ್ಯಾಕಾಶಿ ಅಂತ ನಾವೆಲ್ಲ ಹೆಮ್ಮೆ ಪಡುತ್ತೇವೆ. ಕರ್ನಾಟಕ ಕಾಲೇಜು 1917ರಿಂದ ಇದೆ, ಕರ್ನಾಟಕ ವಿಶ್ವವಿದ್ಯಾಲಯ 1949ರಿಂದ, ಕೃಷಿ ವಿಶ್ವವಿದ್ಯಾಲಯ 1986ರಿಂದ, ಐಐಟಿ 2016ರಿಂದ. ಗದಗ, ಹಾವೇರಿಯ ಹಳ್ಳಿಗಳಿಂದ ಸಾವಿರಾರು ಹುಡುಗ-ಹುಡುಗಿಯರು ಇಲ್ಲಿಗೆ ಓದಲು ಬರುತ್ತಾರೆ. 2016ರ ಕಾಯ್ದೆಯಂತೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5ರಷ್ಟು ಸೀಟು, ಐದು ವರ್ಷದ ವಯಸ್ಸಿನ ಸಡಿಲಿಕೆ ಇದೆ. ಸೀಟು ಸಿಕ್ಕ ಮೇಲೆ? ಕ್ಲಾಸು ಎಲ್ಲಿ ಅಂತ ವಾಟ್ಸಾಪಿನಲ್ಲಿ ಹತ್ತು ನಿಮಿಷ ಮೊದಲು ಬರುತ್ತದೆ. ರೂಮು ಬದಲಾಗುತ್ತದೆ, ಬದಲಾದದ್ದು ಅರ್ಧ ಜನಕ್ಕೆ ಗೊತ್ತಿರುವುದಿಲ್ಲ. ಇಂಟರ್ನಲ್ ಮಾರ್ಕ್ಸ್ ಸೆಮಿನಾರಿಗೆ ಅಂತ ಇಡುತ್ತೇವೆ, ಸೆಮಿನಾರು ಎಷ್ಟು ಹೊತ್ತು, ಯಾವುದಕ್ಕೆ ಎಷ್ಟು ಅಂಕ ಅಂತ ಹೇಳುವುದಿಲ್ಲ. "ಗ್ರೂಪ್ ಮಾಡ್ಕೊಳ್ರಿ" ಅನ್ನುತ್ತೇವೆ, ಯಾರ ಗ್ರೂಪಿನಲ್ಲೂ ಇಲ್ಲದವನು ಮೂಲೆಯಲ್ಲಿ ಉಳಿಯುತ್ತಾನೆ. ವೈವಾದಲ್ಲಿ "ನಿನ್ನ ಬಗ್ಗೆ ಹೇಳಪಾ" ಅಂತ ಶುರು ಮಾಡುತ್ತೇವೆ. ನನ್ನ ಬಗ್ಗೆ ಅಂದರೆ ಏನು, ಎಲ್ಲಿಂದ, ಎಷ್ಟು ಅಂತ ತಿಳಿಯದೆ ಅವನು ಸುಮ್ಮನೆ ನಿಲ್ಲುತ್ತಾನೆ. ವಿಷಯ ಬಾರದವನು ಅಂತ ನಾವು ಅಂಕ ಕಳೆಯುತ್ತೇವೆ. ಹಾಸ್ಟೆಲಿನಲ್ಲಿ ಒಂದು ಕೋಣೆಗೆ ನಾಲ್ಕು ಜನ, ಮೆಸ್ಸಿನಲ್ಲಿ ಟಿವಿ, ರಾತ್ರಿ ಹನ್ನೆರಡಕ್ಕೆ ಬರ್ತ್‌ಡೇ ಗದ್ದಲ. ಓದಿನಲ್ಲಿ ಮುಂದಿದ್ದ ಮಕ್ಕಳು ಎರಡನೇ ಸೆಮಿಸ್ಟರ್ ಹೊತ್ತಿಗೆ ಬಿಟ್ಟು ಊರಿಗೆ ಹೋಗುತ್ತಾರೆ. "ಹೊಂದ್ಕೊಳ್ಳಲಿಲ್ಲ" ಅಂತ ರಿಜಿಸ್ಟರಿನಲ್ಲಿ ಒಂದು ಗೆರೆ ಎಳೆಯುತ್ತೇವೆ.

ಅವರಲ್ಲಿ ಕೆಲವರಿಗೆ ತಮಗೆ ಆಟಿಸಂ ಇದೆ ಅಂತಲೇ ಗೊತ್ತಿರುವುದಿಲ್ಲ. ಅದರಲ್ಲೂ ಹುಡುಗಿಯರಿಗೆ. ಸಣ್ಣವರಿದ್ದಾಗಿನಿಂದ ಪಕ್ಕದವರನ್ನು ನೋಡಿ ನೋಡಿ, ಯಾವಾಗ ನಗಬೇಕು, ಯಾವಾಗ ತಲೆ ಆಡಿಸಬೇಕು ಅಂತ ಕಲಿತಿರುತ್ತಾರೆ. ಹೊರಗಿನಿಂದ ಏನೂ ಕಾಣುವುದಿಲ್ಲ. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಗಂಟೆಗಟ್ಟಲೆ ಸುಸ್ತಾಗಿ ಬೀಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಸುಮಾರು 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತು. ನಮ್ಮ ಕಾಲೇಜಿನಷ್ಟೇ ದೊಡ್ಡ ಯಾವ ಕಾಲೇಜಾದರೂ ಸರಿ, ಅಲ್ಲಿ ಇಂಥ ವಿದ್ಯಾರ್ಥಿಗಳು ಇದ್ದೇ ಇರುತ್ತಾರೆ. ಸರ್ಟಿಫಿಕೇಟ್ ತಂದವರಿಗೆ ಮಾತ್ರ ಅನುಕೂಲ ಅಂದರೆ ಇವರೆಲ್ಲ ಹೊರಗೇ ಉಳಿಯುತ್ತಾರೆ. ಅದಕ್ಕೇ ಎಲ್ಲರಿಗೂ ಸಿಗುವ ಹಾಗೆ ಮಾಡುವುದು ಒಳ್ಳೆಯದು ಅಂತ ನನ್ನ ವಾದ.

ಅಕ್ಕನ ಮಗ ಹುಬ್ಬಳ್ಳಿಯಿಂದ ಧಾರವಾಡಕ್ಕೆ ನಮ್ಮ ಮನೆಗೆ ಒಬ್ಬನೇ ಬರುತ್ತಾನೆ, ಚಿಗರಿ ಬಸ್ಸಿನಲ್ಲಿ. ಬೇರೆ ಸಿಟಿ ಬಸ್ಸು ಅವನಿಗೆ ಆಗುವುದಿಲ್ಲ. "ಚಿಗರಿ ಯಾಕ ಆಗ್ತದಪಾ?" ಅಂತ ಕೇಳಿದ್ದೆ. "ಮೌಶಿ, ಬಾಗಲಾ ಎಲ್ಲಿ ಬರ್ತದ ಗೊತ್ತಿರ್ತದ. ಮುಂದಿನ ಸ್ಟಾಪು ಅದೇ ಹೇಳ್ತದ" ಅಂದ. 2018ರಲ್ಲಿ ಓಡಲು ಶುರುವಾದ ಆ ಬಸ್ಸಿಗೆ ತನ್ನದೇ ಹಾದಿ ಇದೆ, ನಿಲ್ದಾಣದ ಕಟ್ಟೆಯ ಎತ್ತರಕ್ಕೇ ಬಾಗಿಲು ತೆರೆಯುತ್ತದೆ. ಉಣಕಲ್ ಆದ ಮೇಲೆ ನವನಗರ, ಆಮೇಲೆ ಸತ್ತೂರು, ಕ್ರಮ ತಪ್ಪುವುದಿಲ್ಲ. ಅದನ್ನು ಆಟಿಸಂ ಇರುವವರಿಗಾಗಿ ಕಟ್ಟಲಿಲ್ಲ. ಆದರೂ ಅವನಂಥವರೂ, ಮಂಡಿ ನೋವಿನ ಅಜ್ಜಂದಿರೂ, ಊರಿಗೆ ಹೊಸಬರೂ ಅದರಲ್ಲಿ ನಿಶ್ಚಿಂತೆಯಿಂದ ಓಡಾಡುತ್ತಾರೆ. ನಮ್ಮ ಕಾಲೇಜಿನ ಒಂದು ವಾರವೂ ಹೀಗೆ ಇರಬಾರದೇಕೆ?

ನನ್ನ ಕ್ಲಾಸಿನಲ್ಲಿ ನಾನು ಮಾಡುವುದು ಸಣ್ಣ ಸಣ್ಣ ಕೆಲಸ. ಸೋಮವಾರ ಬೋರ್ಡಿನ ಮೂಲೆಯಲ್ಲಿ ಇಡೀ ವಾರ ಏನು ಪಾಠ, ಯಾವ ರೂಮು, ಯಾವ ದಿನ ನಾನಿರುವುದಿಲ್ಲ ಅಂತ ಬರೆಯುತ್ತೇನೆ. ಹೋಂವರ್ಕನ್ನು ಬಾಯಲ್ಲಿ ಹೇಳಿ ಬಿಡದೆ ಬರೆದು ಕೊಡುತ್ತೇನೆ. ವೈವಾದಲ್ಲಿ ಯಾವ ಬಗೆಯ ಪ್ರಶ್ನೆ ಬರುತ್ತದೆ ಅಂತ ಮೊದಲೇ ಒಂದು ಹಾಳೆ ಹಂಚುತ್ತೇನೆ. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾಯುತ್ತೇನೆ, ಮೌನ ಉದ್ದವಾದರೂ ನಡುವೆ ಬಾಯಿ ಹಾಕುವುದಿಲ್ಲ. ಸೆಮಿನಾರನ್ನು ಎಲ್ಲರ ಮುಂದೆ ಮಾಡಬಹುದು, ನನ್ನೊಬ್ಬಳ ಮುಂದೆ ಮಾಡಬಹುದು, ಇಲ್ಲವೇ ಮನೆಯಲ್ಲಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ತರಬಹುದು. ಈ ಆಯ್ಕೆ ಎಲ್ಲರಿಗೂ ಇದೆ, ಯಾರೂ ಕಾರಣ ಹೇಳಬೇಕಾಗಿಲ್ಲ. ಇದರಿಂದ ಮೊದಲು ಲಾಭವಾದದ್ದು ಹಳ್ಳಿಯ ಕನ್ನಡ ಮಾಧ್ಯಮದಿಂದ ಬಂದ, ಎದ್ದು ನಿಂತರೆ ಕಾಲು ನಡುಗುವ ಹುಡುಗಿಯರಿಗೆ. ಇವರ ಓದು ಇಷ್ಟು ಆಳವಾಗಿದೆಯಾ ಅಂತ ನಮ್ಮ ವಿಭಾಗದವರಿಗೆ ಆಶ್ಚರ್ಯವಾಯಿತು.

ಕಾಲೇಜಿನ ಮಟ್ಟದಲ್ಲಿ ಕೇಳಿದ ನಾಲ್ಕು ವಿಷಯಗಳಲ್ಲಿ ಎರಡು ಆಗಿವೆ. ಇಂಥ ವಿದ್ಯಾರ್ಥಿಗಳು ಏನೇ ಇದ್ದರೂ ನೇರವಾಗಿ ಹೋಗಿ ಕೇಳಲು ಒಬ್ಬ ಅಧ್ಯಾಪಕರನ್ನು ಹೆಸರಿಸಿ ನೋಟಿಸು ಹಾಕಿದ್ದಾರೆ. ರೂಮು ಬದಲಾದರೆ ಹಳೆಯ ರೂಮಿನ ಬಾಗಿಲಿಗೆ ಚೀಟಿ ಅಂಟಿಸಬೇಕು ಅಂತ ನಿಯಮವಾಗಿದೆ. ಹಾಸ್ಟೆಲಿನಲ್ಲಿ ಒಬ್ಬರಿಗೆ ಒಂದು ಕೋಣೆ ಕೊಡುವುದು ಇನ್ನೂ ಆಗಿಲ್ಲ. "ಒಬ್ಬಗ ಕೊಟ್ಟರ ಎಲ್ಲಾರೂ ಕೇಳ್ತಾರ" ಅನ್ನುವ ಅದೇ ಹಳೆಯ ಮಾತು ಅಡ್ಡ ನಿಂತಿದೆ, ಅದಕ್ಕೆ 16ನೇ ಸೆಕ್ಷನ್ ಬರೆದು ಅರ್ಜಿ ಕೊಟ್ಟಿದ್ದೇನೆ. ನಾಲ್ಕನೆಯದು ತಲೆ ತುಂಬಿ ಬಂದಾಗ ಹೋಗಿ ಕೂರಲು ಸದ್ದಿಲ್ಲದ ಒಂದು ಕೋಣೆ. ಲೈಬ್ರರಿಯ ಹಿಂದೆ ಹಳೆಯ ಉತ್ತರಪತ್ರಿಕೆ ತುಂಬಿದ ಕೋಣೆಯೊಂದಿದೆ, ಕಿಟಕಿ ಹಿತ್ತಲಿನ ಬೇವಿನ ಮರದ ಕಡೆಗಿದೆ. ಅದನ್ನು ಕೊಡಬಹುದು ಅಂತ ಪ್ರಿನ್ಸಿಪಾಲರು ಅಂದಿದ್ದಾರೆ. ಆ ಉತ್ತರಪತ್ರಿಕೆಗಳನ್ನು ಎಷ್ಟು ವರ್ಷ ಇಡಬೇಕು ಅಂತ ಪರೀಕ್ಷಾ ವಿಭಾಗಕ್ಕೆ ಬರೆದಿದ್ದೇನೆ. ಉತ್ತರ ಬಂದ ವಾರವೇ ಕೋಣೆ ಖಾಲಿ ಮಾಡಿಸಲು ಎನ್ನೆಸ್ಸೆಸ್‌ನ ಹುಡುಗರು ತಯಾರಿದ್ದಾರೆ.